ಪಾರ್ಕಿನ ಹುಲ್ಲಿಗೆ ವಿಷ ಯಾಕೆ ಸ್ವಾಮಿ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಮೈಸೂರಿನವನು, ನಿಮ್ಮದೇ ಕ್ಷೇತ್ರದ ಮತದಾರ. ನಿಮ್ಮ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಮೂರನೇ ಸಲ ಒಂದು ಮದುವೆ ಮನೆಯಲ್ಲಿ ನಿಮ್ಮ ಕೈಗೇ ಕೊಟ್ಟೆ, ನೀವು ನಗುತ್ತಾ ಮಡಚಿ ಪಕ್ಕದವರಿಗೆ ಕೊಟ್ಟಿರಿ, ಅವರು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದರು. ಅಲ್ಲಿಗೆ ಮುಗಿಯಿತು. ಅದಕ್ಕೇ ಈಗ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ಪಾರ್ಕು, ಮನೆ ಮುಂದಿನ ಲಾನು ಚೆಂದ ಕಾಣಲಿ ಅಂತ ಕಳೆನಾಶಕ, ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಲು ಒಂದು ಕಾನೂನು ತನ್ನಿ.

ಇಷ್ಟಕ್ಕೆಲ್ಲ ಕಾನೂನಾ ಅಂತ ಅನಿಸಿರಬಹುದು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮಮ್ಮ ಮಂಡ್ಯದ ಕಡೆಯವರು, 71 ವರ್ಷ. ಅಪ್ಪ ಹೋದಮೇಲೆ ನಮ್ಮ ಜೊತೆ ಇದ್ದಾರೆ. ಸಿಟಿಯಲ್ಲಿ ಅವರಿಗೆ ಹಿಡಿಸಿದ್ದು ಅಂದರೆ ಮನೆ ಎದುರಿನ ಪಾರ್ಕು ಒಂದೇ. ವಾಕಿಂಗಿಗಲ್ಲ, ಸೊಪ್ಪಿಗೆ! ನಲ್ಲಿ ಸೋರುವ ಕಡೆ ಒಂದೆಲಗ, ಬೇಲಿ ಪಕ್ಕದಲ್ಲಿ ಗಣಿಕೆ, ಹೊನಗೊನ್ನೆ, ಅಣ್ಣೆ ಸೊಪ್ಪು. ನಮ್ಮ ಕಣ್ಣಿಗೆ ಅದೆಲ್ಲ ಕಳೆ, ಅವರ ಕಣ್ಣಿಗೆ ಬೆರಕೆ ಸೊಪ್ಪು. ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸೆರಗಿನ ತುಂಬ ಕಿತ್ತು ತಂದು, ಚೆನ್ನಾಗಿ ತೊಳೆದೇ ಬಸ್ಸಾರು ಮಾಡಿದರು. ಮುದ್ದೆ ಜೊತೆ ಉಂಡೆವು. ಸಂಜೆ ಹೊತ್ತಿಗೆ ಅಮ್ಮನಿಗೂ ನನ್ನ ಮಗಳಿಗೂ ವಾಂತಿ ಹಿಡಿಯಿತು, ನಿಲ್ಲಲೇ ಇಲ್ಲ. ಇಬ್ಬರನ್ನೂ ಆಟೋದಲ್ಲಿ ಹಾಕಿಕೊಂಡು ಹೊರಟಾಗ ಎದುರು ಮನೆಯವರು ಹೇಳುತ್ತಾರೆ, "ಅಯ್ಯೋ, ನಿನ್ನೆ ಸಂಜೆ ಅಲ್ಲಿ ಔಷಧಿ ಹೊಡೆದರಲ್ಲ, ನೀವು ನೋಡಲಿಲ್ವಾ?"

ನೋಡಲಿಲ್ಲ ಸ್ವಾಮಿ. ಬೋರ್ಡಿದ್ದರೆ ತಾನೇ ನೋಡುವುದು?

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಔಷಧಿ? ಹೆಂಡತಿಯನ್ನು ಅಲ್ಲೇ ಬಿಟ್ಟು ಪಾರ್ಕಿಗೆ ಓಡಿ ಬಂದೆ. ಕ್ಯಾನು ಬೆನ್ನಿಗೆ ಹಾಕಿಕೊಂಡು ಹೊಡೆದ ಹುಡುಗ ಸಿಕ್ಕಿದ. ಮುಖಕ್ಕೊಂದು ಟವೆಲ್ಲು, ಕಾಲಲ್ಲಿ ಚಪ್ಪಲಿಯೂ ಇಲ್ಲ. "ಗುತ್ತಿಗೆದಾರರು ನೀರಿನ ಬಾಟ್ಲಿಗೆ ಹಾಕಿ ಕೊಡ್ತಾರೆ ಸಾರ್, ಹೆಸರೆಲ್ಲ ನಂಗೊತ್ತಿಲ್ಲ" ಅಂದ. ಗುತ್ತಿಗೆದಾರ ಫೋನೇ ಎತ್ತಲಿಲ್ಲ. ಕೀಟನಾಶಕದ ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷದ ಗುರುತು ಇರಬೇಕು, ಒಳಗೆ ಹೋದರೆ ಏನು ಮಾಡಬೇಕು ಅಂತ ಬರೆದಿರಬೇಕು. 1971ರ ಕೀಟನಾಶಕ ನಿಯಮಗಳು ನಿಮಗೆ ಗೊತ್ತೇ ಇವೆ. ಆದರೆ ನೀರಿನ ಬಾಟ್ಲಿಯ ಮೇಲೆ ಏನಿತ್ತು? ಖನಿಜಯುಕ್ತ ಶುದ್ಧ ಕುಡಿಯುವ ನೀರು ಅಂತ.

ಎರಡು ದಿನ ಆಸ್ಪತ್ರೆ. ಪುಣ್ಯಕ್ಕೆ ಇಬ್ಬರೂ ಹುಷಾರಾದರು. ಇದು ಆ ಔಷಧಿಯಿಂದಲೇ ಆಗಿದ್ದಾ ಅಂತ ಕೇಳಿದೆ. "ಹೆಸರೇ ಗೊತ್ತಿಲ್ಲದೆ ನಾನು ಏನಂತ ಹೇಳಲಿ?" ಅಂದರು ಡಾಕ್ಟರು. ಅಂದರೆ ನನ್ನ ಹತ್ತಿರ ಸಾಕ್ಷಿಯೂ ಇಲ್ಲ. ಸಾಕ್ಷಿ ಇರದ ಹಾಗೆ ಬಾಟ್ಲಿ ಬದಲಾಯಿಸಿದವರು ಆರಾಮಾಗಿದ್ದಾರೆ.

ಒಂದು ವಾರಕ್ಕೆ ಬೇಲಿ ಉದ್ದಕ್ಕೂ ಎಲ್ಲ ಹಳದಿಯಾಗಿ ಸತ್ತಿತ್ತು. ಗ್ಲೈಫೋಸೇಟ್ ಥರದ ಕಳೆನಾಶಕ ಎಲೆಯಿಂದ ಬೇರಿಗೆ ಇಳಿದು ನಿಧಾನಕ್ಕೆ ಕೊಲ್ಲುತ್ತದೆ. ಹೊಡೆದ ಮಾರನೇ ದಿನ ಗಿಡ ಹಸಿರಾಗೇ ಇರುತ್ತದೆ. ಅಮ್ಮ ಹೇಗೆ ಕಂಡುಹಿಡಿಯಬೇಕಿತ್ತು, ನೀವೇ ಹೇಳಿ.

ಪಾರ್ಕು ನೋಡಿಕೊಳ್ಳುವ ಕಚೇರಿಗೂ ಹೋದೆ. ಅಲ್ಲಿದ್ದವರು ತಲೆಯೂ ಎತ್ತದೆ, "ಹುಲ್ಲು ಬೆಳೆದರೂ ಕಂಪ್ಲೇಂಟು, ಒಣಗಿದರೂ ಕಂಪ್ಲೇಂಟು, ನಾವೇನು ಮಾಡೋಣ ಹೇಳಿ?" ಅಂದರು. ಆಮೇಲೆ ಇನ್ನೊಂದು ಮಾತು: "ಪಾರ್ಕಲ್ಲಿ ಸೊಪ್ಪು ಕೀಳೋದು ತಪ್ಪಲ್ವಾ?" ಆಗಲಿ, ನಮ್ಮಮ್ಮನ ಮೇಲೆ ಒಂದು ಕೇಸು ಹಾಕಿಬಿಡಿ.

ಪಕ್ಕದ ಮನೆಯದು ಇನ್ನೊಂದು ಕಥೆ. ಅವರ ಲಾನು ಕಾರ್ಪೆಟ್ಟಿನ ಹಾಗೆ ಇರಬೇಕು. ತಿಂಗಳಿಗೊಮ್ಮೆ ಜನ ಬಂದು ಹೊಡೆದು ಹೋಗುತ್ತಾರೆ, ಗಾಳಿ ನಮ್ಮ ಕಡೆಗೇ ಬೀಸುತ್ತದೆ. ನಾಲ್ಕು ವರ್ಷದಿಂದ ಆ ದಿನ ನಾವು ಕಿಟಕಿ ಮುಚ್ಚಿಕೊಂಡು, ಹೊರಗೆ ಒಣಹಾಕಿದ ಬಟ್ಟೆ ಒಳಗೆ ತಂದು, ಮಗಳನ್ನು ಅವಳ ಸೋದರತ್ತೆ ಮನೆಗೆ ಕಳಿಸುತ್ತೇವೆ. ಕೇಳಿದರೆ, "ನಮ್ಮ ಜಾಗ, ನಮ್ಮ ಹುಲ್ಲು." ಜಾಗ ನಿಮ್ಮದು ಸರಿ, ಗಾಳಿ?

ಅದಕ್ಕೇ ಕಾನೂನು ತನ್ನಿ ಅನ್ನುತ್ತಿರುವುದು. ಬಾಯಿ ಮಾತಿನಲ್ಲಿ ಇದು ನಿಲ್ಲುವುದಿಲ್ಲ.

ಇದು ಯಾರೂ ಮಾಡದ ಕೆಲಸ ಏನಲ್ಲ. ಕೆನಡಾದಲ್ಲಿ ಹಡ್ಸನ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಜೂನ್ ಇರ್ವಿನ್ ಎಂಬ ಚರ್ಮದ ಡಾಕ್ಟರು ಊರಿನ ಸಭೆಗಳಿಗೆ ವರ್ಷಗಟ್ಟಲೆ ಹೋಗಿ ಹೋಗಿ ಇದನ್ನೇ ಹೇಳಿದರು. 1991ರಲ್ಲಿ ಊರಿನವರೇ ಅಂದಕ್ಕಾಗಿ ಹೊಡೆಯುವ ಕೀಟನಾಶಕ ಬೇಡ ಅಂತ ಕಟ್ಟಳೆ ಮಾಡಿದರು. ಲಾನಿಗೆ ಔಷಧಿ ಹೊಡೆಯುವ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಊರಿನ ಪರವಾಗಿ ತೀರ್ಪು ಕೊಟ್ಟಿತು. 2009ರಲ್ಲಿ ಒಂಟಾರಿಯೋ ಪ್ರಾಂತ್ಯದ ಉದ್ದಕ್ಕೂ ನಿಷೇಧ ಬಂತು. ಫ್ರಾನ್ಸಿನಲ್ಲಿ 2017ರಿಂದ ಸಾರ್ವಜನಿಕ ಪಾರ್ಕುಗಳಿಗೆ, 2019ರಿಂದ ಮನೆ ತೋಟಗಳಿಗೂ ರಾಸಾಯನಿಕ ಕೀಟನಾಶಕ ಇಲ್ಲ. ಅಲ್ಲಿ ಪಾರ್ಕುಗಳೇನು ಕಾಡಾಗಿಲ್ಲ.

ಇದು ಕೇಂದ್ರದ ವಿಷಯ, 1968ರ ಕೀಟನಾಶಕ ಕಾಯಿದೆ, ರಾಜ್ಯದ ಕೈಯಲ್ಲಿ ಏನಿದೆ ಅಂತ ದಯವಿಟ್ಟು ಹೇಳಬೇಡಿ. ಒಂದು ಕೀಟನಾಶಕದ ಮಾರಾಟ, ಬಳಕೆಯನ್ನು ರಾಜ್ಯ 60 ದಿನ ನಿಲ್ಲಿಸಬಹುದು ಅಂತ ಅದೇ ಕಾಯಿದೆಯಲ್ಲಿದೆ. 2019ರಲ್ಲಿ ಪಕ್ಕದ ಕೇರಳ ಗ್ಲೈಫೋಸೇಟ್ ಮಾರಾಟ ನಿಲ್ಲಿಸಿತಲ್ಲ? ಕೇಂದ್ರವೇ 2022ರಲ್ಲಿ ಅದನ್ನು ಕೀಟ ನಿಯಂತ್ರಣದವರು ಬಿಟ್ಟು ಬೇರೆ ಯಾರೂ ಹೊಡೆಯಬಾರದು ಅಂತ ಆದೇಶ ಮಾಡಿತು. ನಮ್ಮ ಪಾರ್ಕಿನ ಹುಡುಗನಿಗೆ ಆ ಆದೇಶ ಯಾರು ಓದಿ ಹೇಳಬೇಕು? ಇನ್ನು ಸರ್ಕಾರದ್ದೇ ಪಾರ್ಕಿನಲ್ಲಿ ಹೊಡೆಯಬೇಡಿ ಅನ್ನುವುದಕ್ಕೆ ಕಾಯಿದೆಯೂ ಬೇಡ, ಒಂದು ಸುತ್ತೋಲೆ ಸಾಕು.

ರೈತರನ್ನು ಇದಕ್ಕೆ ಎಳೆಯಬೇಡಿ. ನನ್ನ ಅಣ್ಣ ಮದ್ದೂರಿನ ಹತ್ತಿರ ಭತ್ತ, ಕಬ್ಬು ಬೆಳೆಯುತ್ತಾನೆ. ಭತ್ತಕ್ಕೆ ಅವನೂ ಹೊಡೆಯುತ್ತಾನೆ, ನನಗೆ ಅದೂ ಇಷ್ಟವಿಲ್ಲ, ಇಬ್ಬರಿಗೂ ಜಗಳ ಆಗಿದೆ. ಆದರೆ ಅವನಿಗೆ ಉಳಿಸಿಕೊಳ್ಳಲು ಒಂದು ಬೆಳೆ ಇದೆ, ತೀರಿಸಲು ಸಾಲ ಇದೆ. ಪಾರ್ಕಿನಲ್ಲಿ ಏನು ಉಳಿಸುತ್ತಿದ್ದೀರಿ? ಕಾಂಗ್ರೆಸ್ ಗಿಡ ಜಾಸ್ತಿಯಾದರೆ ಹೂ ಬಿಡುವ ಮೊದಲೇ ಕೀಳಿಸಿ, ನಾಲ್ಕು ಜನಕ್ಕೆ ಕೂಲಿಯಾದರೂ ಸಿಗುತ್ತದೆ.

2016ರಲ್ಲಿ ಮೈಸೂರು ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂದಾಗ ನಾನೂ ಎಲ್ಲರಿಗೂ ಫಾರ್ವರ್ಡ್ ಮಾಡಿದವನೇ. ಆ ಹೆಮ್ಮೆ ಇನ್ನೂ ಇದೆ. ಆದರೆ ಒಂದೆಲಗ ಯಾವಾಗಿನಿಂದ ಕಸ ಆಯಿತು?

ಮುಂದಿನ ಅಧಿವೇಶನದಲ್ಲಿ ಖಾಸಗಿ ವಿಧೇಯಕ ಮಂಡಿಸಿ. ಅದು ಆಗುವುದಿಲ್ಲ ಅಂದರೆ ಸದನದಲ್ಲಿ ಒಂದು ಪ್ರಶ್ನೆ ಕೇಳಿ. ಪಾರ್ಕು, ಶಾಲೆ ಮೈದಾನ, ಮನೆ ಲಾನು, ಮೂರೂ ಕಡೆ ಅಂದಕ್ಕಾಗಿ ವಿಷ ಬೇಡ. ಕಾನೂನು ತನ್ನಿ.

ಅದು ಬರುವ ತನಕ, ಹೊಡೆಯುವ ಎರಡು ದಿನ ಮೊದಲೇ ಗೇಟಿಗೆ ಒಂದು ಬೋರ್ಡು ಹಾಕಿಸಿ. ಔಷಧಿ ಹೆಸರು, ತಾರೀಖು, ಹೊಡೆಸಿದವರ ಫೋನ್ ನಂಬರು ದೊಡ್ಡ ಅಕ್ಷರದಲ್ಲಿ ಇರಲಿ, ಅಮ್ಮನಿಗೆ ಕನ್ನಡಕ ಇಲ್ಲದೆ ಕಾಣುವುದಿಲ್ಲ. ಹಲಗೆಗೆ, ಬಣ್ಣಕ್ಕೆ ಅನುದಾನ ಇಲ್ಲ ಅಂದರೆ ಹೇಳಿ ಕಳಿಸಿ, ನಾನೇ ತಂದುಕೊಡುತ್ತೇನೆ.

ಇಂತಿ,
ಪಾರ್ಕಿನ ಎದುರು ಮನೆಯ ನಿಮ್ಮ ಮತದಾರ