ಬೇಲೂರೋ ಶ್ರೀರಂಗಪಟ್ಟಣವೋ: ಕೊಡಗಿನ ಸುಂಟಿಕೊಪ್ಪದ ಮನೆಗೆ ಒಂದು ಪತ್ರ

ಟೊರೊಂಟೊ

ಪ್ರೀತಿಯ ಅಕ್ಕನಿಗೆ,

ಅಮ್ಮನಿಗೂ ಭಾವನಿಗೂ ನಮಸ್ಕಾರ. ತುಲಾ ಸಂಕ್ರಮಣ ಮುಗಿದು ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಒಂದು ಶನಿವಾರ-ಭಾನುವಾರ ಎಲ್ಲರೂ ಹೊರಡಬೇಕು, ಬೇಲೂರೋ ಶ್ರೀರಂಗಪಟ್ಟಣವೋ ಎಂದು ಕೇಳಿದ್ದೀಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮತ ಬೇಲೂರಿಗೆ. ಶ್ರೀರಂಗಪಟ್ಟಣ ಬೆಳಗ್ಗೆ ಬೇಗ ಹೊರಟು ರಾತ್ರಿ ಮನೆ ಸೇರಬಹುದಾದ ಊರು. ಮೈಸೂರಿನಿಂದ ಆಚೆಗೆ 15 ಕಿ.ಮೀ. ಅಷ್ಟೆ, ಬೇರೆ ಕೆಲಸಕ್ಕೆ ಮೈಸೂರಿಗೆ ಹೋದಾಗಲೂ ಸೇರಿಸಿಕೊಳ್ಳಬಹುದು. ಬೇಲೂರು ಹಾಗಲ್ಲ. ಅಲ್ಲಿ ಒಂದು ರಾತ್ರಿ ಉಳಿಯದೆ ಬಂದರೆ ಅರ್ಧ ಮಾತ್ರ ನೋಡಿದ ಹಾಗೆ.

ಕಾರಣ ಬಿಸಿಲು ಮತ್ತು ಬಾಗಿಲು. ಚೆನ್ನಕೇಶವ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಹತ್ತೂವರೆಗೆ ತಲುಪಿದರೆ ಮೊದಲು ಒಳಗೆ ಹೋಗಿ ದರ್ಶನ ಮುಗಿಸಿ, ಗರ್ಭಗುಡಿಯ ಮುಂದಿನ ಮಂಟಪವಾದ ನವರಂಗದ ಕಂಬಗಳನ್ನು ನೋಡಿ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ತಿರುಗಣಿಗೆ ಕೊಟ್ಟು ಕಡೆದ ಕಂಬಗಳ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಬೇಕು, ಆಗಲೇ ಉಂಗುರ ಉಂಗುರವಾದ ಗೆರೆಗಳು ಎದ್ದು ಕಾಣುವುದು. ನೇರವಾಗಿ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆ. ಹೊರಗಿನ ಗೋಡೆಯನ್ನು ಆ ಹೊತ್ತಿನಲ್ಲಿ ನೋಡಲು ಹೋಗಬೇಡಿ. ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆ, ಅಂದರೆ ಜಗತಿಯ ಮೇಲೆ ಚಪ್ಪಲಿ ಹಾಕುವಂತಿಲ್ಲ, ಮಧ್ಯಾಹ್ನ ಕಲ್ಲು ಕಾದು ಅಮ್ಮನಿಗೆ ಕಾಲಿಡಲಾಗುವುದಿಲ್ಲ. ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ನೈಲಾನ್ ಬೇಡ, ಸವೆದು ನುಣುಪಾದ ಕಲ್ಲಿನ ಮೇಲೆ ಜಾರುತ್ತದೆ.

ಊಟ, ಸ್ವಲ್ಪ ನಿದ್ದೆ. ಮೂರು ಗಂಟೆಗೆ ಹಳೇಬೀಡು, 16 ಕಿ.ಮೀ. ಹೊಯ್ಸಳೇಶ್ವರ ಗುಡಿಯ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಒಳ್ಳೊಳ್ಳೆಯ ಶಿಲ್ಪಗಳು ಹಿಂಬದಿಯ ಪಶ್ಚಿಮ ಗೋಡೆಯಲ್ಲಿವೆ. ಬೆಳಗ್ಗೆ ಹೋದವರಿಗೆ ಆ ಗೋಡೆ ನೆರಳಿನಲ್ಲೇ ಇರುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕೆಳಗಿನಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ಓದುತ್ತಾ ಹೋಗಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಮಕ್ಕಳಿಗೆ ಆನೆಗಳನ್ನು ತೋರಿಸು, ಸಾಲಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಹತ್ತಿರದ ಬಸದಿಗಳನ್ನು ಬಿಡಬೇಡಿ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆಂದರೆ ಎದುರು ನಿಂತವರ ಪ್ರತಿಬಿಂಬ ಅದರಲ್ಲಿ ಮೂಡುತ್ತದೆ. ಜನವೂ ಅಲ್ಲಿ ಕಡಿಮೆ.

ಭಾನುವಾರ ಬೆಳಗ್ಗೆ ಏಳೂವರೆಗೇ ಮತ್ತೆ ಬೇಲೂರು ಗುಡಿಯಲ್ಲಿರಿ. ಉಳಿದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಈ ಎರಡು ಗಂಟೆಗಾಗಿ. ಟೂರಿಸ್ಟ್ ಬಸ್ಸುಗಳು ಆಮೇಲೆ ಬರುತ್ತವೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಶಿಲಾಬಾಲಿಕೆಯರು ಒಟ್ಟು 42, ನಾಲ್ವರು ಒಳಗೆ, ಉಳಿದವರು ಹೊರಗೆ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿದ್ದಾರೆ. ನೆಲದಿಂದ ಬರಿಗಣ್ಣಿಗೆ ಆಕಾರ ಕಂಡೀತು, ಕೆಲಸ ಕಾಣುವುದಿಲ್ಲ. ಭಾವನ ಬೈನಾಕ್ಯುಲರ್ ತಪ್ಪದೆ ಒಯ್ಯಿರಿ. ದರ್ಪಣ ಸುಂದರಿಯನ್ನು ಎಲ್ಲರೂ ನೋಡುತ್ತಾರೆ, ನೀವು ಪೀಠದ ಕೆಳಗಿನ ಅಕ್ಷರಗಳನ್ನೂ ಹುಡುಕಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಮಾಡಿದವನ ಹೆಸರು ಒಂಬೈನೂರು ವರ್ಷ ಉಳಿದದ್ದು ನನಗೆ ಆ ಗುಡಿಯ ದೊಡ್ಡ ಸಂಗತಿ. ಗೈಡ್ ಬೇಕಾದರೆ ಗುರುತಿನ ಚೀಟಿ ಇರುವವರನ್ನೇ ಹಿಡಿದು, ದುಡ್ಡು, ಸಮಯ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ಸುತ್ತಿಸಿ ಕೈಬಿಡುತ್ತಾರೆ.

ದಾರಿ ಎರಡಿದೆ. ಮಾದಾಪುರ, ಸೋಮವಾರಪೇಟೆ, ಶನಿವಾರಸಂತೆ, ಸಕಲೇಶಪುರದ ಮೇಲೆ ಹೋದರೆ ತೋಟದ ನಡುವಿನ ಚಂದದ ದಾರಿ, ಆದರೆ ತಿರುವು ಬಹಳ, ಬೆಳಗ್ಗೆ ಮಂಜೂ ಇರುತ್ತದೆ. ಅಮ್ಮನಿಗೂ ಚಿಕ್ಕವಳಿಗೂ ವಾಂತಿಯಾಗುತ್ತದೆ. ಅದರಿಂದ ಹೋಗುವಾಗ ಕುಶಾಲನಗರ, ಕೂಡಿಗೆ, ಹೆಬ್ಬಾಲೆ, ಶಿರಂಗಾಲ, ಕೊಣನೂರು, ಅರಕಲಗೂಡು, ಹಾಸನ ಹಿಡಿಯಿರಿ. ಹಾಸನದಿಂದ ಬೇಲೂರಿಗೆ ಇನ್ನು 40 ಕಿ.ಮೀ. ಒಳಗೇ. ನಿಲ್ಲುತ್ತಾ ಹೋದರೂ ನಾಲ್ಕು ಗಂಟೆ ಸಾಕು. ಹಾಸನದಲ್ಲಿ ರೂಮು ಮಾತ್ರ ಮಾಡಬೇಡಿ, ಭಾನುವಾರದ ಆ ಬೆಳಗು ರಸ್ತೆಯಲ್ಲೇ ಕಳೆದುಹೋಗುತ್ತದೆ. ಬೇಲೂರಿನಲ್ಲಿ ಗುಡಿಗೆ ಹತ್ತಿರವೇ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆ.ಎಸ್.ಟಿ.ಡಿ.ಸಿ.) ಹೋಟೆಲು ಮಯೂರ ವೇಲಾಪುರಿ ಇದೆ.

ಶ್ರೀರಂಗಪಟ್ಟಣಕ್ಕೆ ಡಿಸೆಂಬರ್ ರಜೆಯಲ್ಲಿ ಒಂದು ದಿನ ಇಡಿ. ಪಿರಿಯಾಪಟ್ಟಣ ಬಂದಾಗ ಮಕ್ಕಳಿಗೆ ಹೇಳು, ನಮ್ಮ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡದ್ದು ಅಲ್ಲಿಂದಲೇ. ಕೊಡಗಿನವರನ್ನು ಸೆರೆ ಒಯ್ದದ್ದು ಶ್ರೀರಂಗಪಟ್ಟಣಕ್ಕೆ. ನಮ್ಮವರು ಆ ಕೋಟೆಯನ್ನು ನೋಡುವಾಗ ಅದೂ ಗೊತ್ತಿರಬೇಕು. ಇಲವಾಲದಲ್ಲಿ ಎಡಕ್ಕೆ ತಿರುಗಿ ಕೆ.ಆರ್.ಎಸ್. ಕಡೆಯಿಂದ ಹೋದರೆ ಮೈಸೂರಿನ ಟ್ರಾಫಿಕ್ ತಪ್ಪುತ್ತದೆ. ಮೊದಲು ರಂಗನಾಥ ಗುಡಿ, ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಕೊನೆಗೆ ಅವನ ಸಮಾಧಿ ಇರುವ ಗುಂಬಜ್ ಮತ್ತು ಸಂಗಮ. ಜಾಗಗಳು ದ್ವೀಪದುದ್ದಕ್ಕೂ ಚದುರಿವೆ, ನಡೆದು ಮುಗಿಯುವುದಿಲ್ಲ, ಕಾರು ಜೊತೆಗಿರಲಿ. 1784ರ ದರಿಯಾ ದೌಲತ್‌ನಲ್ಲಿ ಪಶ್ಚಿಮ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಿ, 1780ರ ಪೊಳಿಲೂರು ಯುದ್ಧದ ಚಿತ್ರ ಅಲ್ಲಿದೆ: ಪಲ್ಲಕ್ಕಿಯಲ್ಲಿ ಹೈದರ್-ಟಿಪ್ಪುವಿಗೆ ಸೋತ ಇಂಗ್ಲಿಷ್ ಸೇನಾಧಿಕಾರಿ ಬೈಲಿ, ಹತ್ತಿರವೇ ಸಿಡಿಯುತ್ತಿರುವ ಮದ್ದಿನ ಬಂಡಿ. ಸಂಗಮದಲ್ಲಿ ಮಕ್ಕಳನ್ನು ನೀರಿಗಿಳಿಸಬೇಡಿ, ಸೆಳೆತ ಮೇಲೆ ಕಾಣುವುದಿಲ್ಲ. ರಂಗನತಿಟ್ಟಿನ ದೋಣಿಯೂ ಡಿಸೆಂಬರಿನಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಬಿಟ್ಟರೆ ನಿಲ್ಲಿಸಿಬಿಡುತ್ತಾರೆ.

ಯಾವ ಶನಿವಾರ ಎಂದು ಗೊತ್ತಾದ ಕೂಡಲೇ ಮೆಸೇಜ್ ಹಾಕು, ಇಲ್ಲಿಂದಲೇ ಬೇಲೂರಿನ ರೂಮು ಬುಕ್ ಮಾಡುತ್ತೇನೆ. ಅಮ್ಮನಿಗೆ ನೆಲಮಹಡಿಯದ್ದೇ ಕೇಳುತ್ತೇನೆ.

ನಿನ್ನ ತಮ್ಮ