ಪೇಂಟ್ ಅಂಗಡಿಯ ಟರ್ಪೆಂಟೈನ್ ಪೈನ್ ಮರದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಮನೆಗೆ ನಾವೇ ಬಣ್ಣ ಹೊಡೆಯುವುದು ಹೇಗೆ ಅನ್ನುವ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಸಾಲು ತಪ್ಪು. ಪೈನ್ ಮರದ ಅಂಟಿನಿಂದ ತೆಗೆದ ಟರ್ಪೆಂಟೈನ್ ಯಾವ ಪೇಂಟ್ ಅಂಗಡಿಯಲ್ಲಾದರೂ ಸಿಗುತ್ತದೆ ಅಂತ ಬರೆದಿದ್ದೀರಿ. ಅಲ್ಲಿ ಸಿಗುವುದು ಸಾಮಾನ್ಯವಾಗಿ ಮಿನರಲ್ ಟರ್ಪೆಂಟೈನ್. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ ತೆಗೆಯುವಾಗ ಬರುವ ಎಣ್ಣೆ ಅದು. ಮರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದಾವಣಗೆರೆಯಲ್ಲಿ 30 ವರ್ಷ ಅಂಗಡಿ ಬೋರ್ಡ್ ಬರೆದವನು ನಾನು, ದಿನಾ ಅದರಲ್ಲೇ ಕೈ ಅದ್ದಿದ್ದೇನೆ. ಎನಾಮೆಲ್ ತೆಳ್ಳಗೆ ಮಾಡುವುದಕ್ಕೆ, ಬ್ರಷ್ ತೊಳೆಯುವುದಕ್ಕೆ ಅದು ಚೆನ್ನಾಗಿಯೇ ಆಗುತ್ತದೆ. ತೊಂದರೆ ಇರುವುದು ಹೆಸರಿನಲ್ಲಿ.

ನಮ್ಮಮ್ಮನಿಗೆ ಮಂಡಿನೋವು ಇತ್ತು. ಟರ್ಪೆಂಟೈನ್ ಎಣ್ಣೆಗೆ ಕರ್ಪೂರ ಹಾಕಿ ತಿಕ್ಕುವುದು ಅವರ ಕಾಲದ ಮನೆಮದ್ದು, ನಿಮ್ಮ ಮನೆಗಳಲ್ಲೂ ಹಿರಿಯರು ಮಾಡಿರಬಹುದು. ಒಂದು ಸಲ ನಾನು ಕೆಲಸಕ್ಕೆ ತಂದಿಟ್ಟಿದ್ದ ಬಾಟಲಿಯನ್ನೇ ತಗೊಂಡು ತಿಕ್ಕಿ, ಮೇಲೆ ಬಟ್ಟೆ ಸುತ್ತಿ ಮಲಗಿದ್ದಾರೆ. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಮಂಡಿಯ ಸುತ್ತ ಬೊಬ್ಬೆ. ಡಾಕ್ಟರ್ ಮೊದಲು ಕೇಳಿದ್ದೇ 'ಯಾವ ಟರ್ಪೆಂಟೈನ್?' ಅಂತ. ಹೇಳುವುದಕ್ಕೆ ನನಗೆ ಗೊತ್ತಾಗಲಿಲ್ಲ, ಬಾಟಲಿ ಮೇಲೆ ಅದೊಂದು ಪದ ಬಿಟ್ಟರೆ ಬೇರೇನೂ ಇರಲಿಲ್ಲ. ಮರದ್ದಾದರೂ ಹಾಗೆ ಬಟ್ಟೆ ಸುತ್ತಿ ಬಿಡಬಾರದು, ಚರ್ಮ ಸುಡುತ್ತದೆ ಅಂತ ಅವರು ಹೇಳಿದರು. ಅಷ್ಟು ವರ್ಷ ಆ ವಾಸನೆಯಲ್ಲೇ ಬದುಕಿದ್ದ ನಾನು ಅದು ಎಲ್ಲಿಂದ ಬರುತ್ತದೆ ಅಂತ ವಿಚಾರಿಸಿದ್ದು ಆವತ್ತೇ.

ಆಮೇಲೆ ಬದರಿಗೆ ಹೋದಾಗ ಉತ್ತರಾಖಂಡದ ಪೌಡಿ ಕಡೆ ರಸ್ತೆ ಪಕ್ಕದಲ್ಲಿ ನಿಜವಾದದ್ದನ್ನು ನೋಡಿದೆ. ಅಲ್ಲಿನವರು ಆ ಪೈನ್ ಮರವನ್ನು ಚೀಡ್ ಅನ್ನುತ್ತಾರೆ, ಅದರ ಅಂಟನ್ನು ಲೀಸಾ ಅನ್ನುತ್ತಾರೆ. ಸುಳ್ಯ, ಪುತ್ತೂರಿನಲ್ಲಿ ರಬ್ಬರ್ ಟ್ಯಾಪಿಂಗ್ ನೋಡಿದವರಿಗೆ ಥಟ್ಟನೆ ಅರ್ಥವಾಗುತ್ತದೆ. ತೊಗಟೆ ಕೆತ್ತಿ, ಮೀನಿನ ಮುಳ್ಳಿನ ಹಾಗೆ ಎರಡೂ ಕಡೆ ಓರೆಯಾಗಿ ಗೀರು ಹಾಕಿರುತ್ತಾರೆ, ನಡುವೆ ಒಂದು ಸಣ್ಣ ಕಾಲುವೆ, ಅದರ ಬುಡಕ್ಕೆ ಒಂದು ಡಬ್ಬಿ. ಡಬ್ಬಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಹಾಗೆ ಬೆಳ್ಳಗೆ ನಿಂತಿತ್ತು. ಬೆರಳು ಮುಟ್ಟಿಸಿದೆ, ಅಂಟಿಕೊಂಡಿತು. ಸೋಪಿಗೆ ಬಗ್ಗಲಿಲ್ಲ, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ತೆಗೆದೆ. ವಾಸನೆ ಮಾತ್ರ ಪೇಂಟ್ ಅಂಗಡಿಯದಲ್ಲ. ಹಸಿ ಮರ, ಕರ್ಪೂರ, ಸ್ವಲ್ಪ ನಿಂಬೆಸಿಪ್ಪೆ, ಎಲ್ಲಾ ಸೇರಿದ ಹಾಗಿತ್ತು.

ಈ ಲೀಸಾವನ್ನು ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಹಿಮಾಚಲದ ನಾಹನ್ ಮತ್ತು ಬಿಲಾಸ್‌ಪುರದಲ್ಲಿ ಅದಕ್ಕೆ ಅಂತಲೇ ಅರಣ್ಯ ಅಭಿವೃದ್ಧಿ ನಿಗಮದ ಕಾರ್ಖಾನೆಗಳಿವೆ. ಆವಿಯಾಗಿ ಮೇಲೆ ಹೋಗಿ ತಣ್ಣಗಾಗಿ ಇಳಿಯುವುದು ಟರ್ಪೆಂಟೈನ್, ಕೆಳಗೆ ಉಳಿಯುವುದು ರೋಸಿನ್. 100 ಕೆಜಿ ಅಂಟಿಗೆ ಟರ್ಪೆಂಟೈನ್ 15–20 ಕೆಜಿ ಬಂದರೆ ಜಾಸ್ತಿ, ಉಳಿದದ್ದರಲ್ಲಿ ಬಹುಪಾಲು ರೋಸಿನ್. ಪಿಟೀಲಿನ ಕಮಾನಿಗೆ ತಿಕ್ಕುವ ಹಳದಿ ಗಡ್ಡೆ ಅದೇ. ರೇಡಿಯೊ ರಿಪೇರಿಯವರು ಬೆಸುಗೆಗೆ ಬಳಸುವುದೂ ಅದೇ. ಕಾಗದದ ಮೇಲೆ ಶಾಯಿ ಹರಡದ ಹಾಗೆ ಮಾಡುವುದಕ್ಕೂ ಅದನ್ನು ಹಾಕುತ್ತಾರೆ.

ಇಷ್ಟು ಕಷ್ಟಪಟ್ಟು ಸಿಗುವ ಟರ್ಪೆಂಟೈನ್ ಬ್ರಷ್ ತೊಳೆಯುವವರ ಕೈಗೆ ಬರುತ್ತದೆಯೇ? ಬರುವುದಿಲ್ಲ, ಅದಕ್ಕೆ ಬೇರೆ ಗಿರಾಕಿಗಳಿದ್ದಾರೆ. ಅದರಲ್ಲಿರುವ ಆಲ್ಫಾ ಪೈನೀನ್ ಅನ್ನುವ ಅಂಶವನ್ನು ಬೇರ್ಪಡಿಸಿ, ಅದನ್ನು ಕ್ಯಾಂಫೀನ್ ಅನ್ನುವ ಇನ್ನೊಂದು ರಾಸಾಯನಿಕ ಮಾಡಿ, ಅಲ್ಲಿಂದ ಕರ್ಪೂರ ಮಾಡುತ್ತಾರೆ. ನಾವು ಮಂಗಳಾರತಿಗೆ ಹಚ್ಚುವ ಬಿಳಿ ಬಿಲ್ಲೆ ಹೆಚ್ಚಾಗಿ ಹೀಗೆ ಬಂದದ್ದು, ಕರ್ಪೂರದ ಮರದಿಂದ ತೆಗೆದದ್ದಲ್ಲ. ನೆಲ ಒರೆಸುವ ಬಿಳಿ ಫಿನಾಯಿಲಿಗೆ ಹಾಕುವ ಪೈನ್ ಆಯಿಲ್ ಕೂಡ ಟರ್ಪೆಂಟೈನ್‌ನಿಂದಲೇ ತಯಾರಾಗುತ್ತದೆ. ಸೋಪು, ಅಗರಬತ್ತಿಯ ಎಷ್ಟೋ ಪರಿಮಳಗಳಿಗೂ ಅದು ಬೇಕು. ಮಿನರಲ್ ಟರ್ಪೆಂಟೈನ್‌ನಲ್ಲಿ ಆ ಪೈನೀನ್ ಇಲ್ಲವೇ ಇಲ್ಲ, ಆದ್ದರಿಂದ ಅದರಿಂದ ಕರ್ಪೂರ ಆಗುವುದಿಲ್ಲ, ಬಣ್ಣ ತೆಳ್ಳಗಾಗುತ್ತದೆ ಅಷ್ಟೆ. ಮರದ ಟರ್ಪೆಂಟೈನ್ ಬೇಕೇ ಬೇಕು ಅನ್ನುವವರು ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಕೇಳಬೇಕು. ಅಲ್ಲಿ ಸಣ್ಣ ಬಾಟಲಿ, ದುಬಾರಿ.

ಸರಕುಗಳ ಗುಣಮಟ್ಟ ಗೊತ್ತುಮಾಡುವ ಕೇಂದ್ರದ ಸಂಸ್ಥೆ ಬಿಐಎಸ್ ಈ ಎರಡಕ್ಕೂ ಬೇರೆ ಬೇರೆ ಮಾನದಂಡ ಮಾಡಿದೆ. ಅಂದಮೇಲೆ ಬಾಟಲಿ ಮೇಲೆ ಎದ್ದು ಕಾಣುವ ಹಾಗೆ, ಕನ್ನಡದಲ್ಲಿ, 'ಮರದ್ದು' ಅಥವಾ 'ಪೆಟ್ರೋಲಿಯಂನದು' ಅಂತ ಬರೆಯುವುದಕ್ಕೆ ಏನು ಕಷ್ಟ? ಬೋರ್ಡ್ ಬರೆದವನಾಗಿ ಹೇಳುತ್ತೇನೆ, ಎರಡು ಪದಕ್ಕೆ ಎಂಥ ಸಣ್ಣ ಬಾಟಲಿಯಲ್ಲೂ ಜಾಗ ಸಿಗುತ್ತದೆ. ಇನ್ನೊಂದು, ಲೂಸಾಗಿ ಮಾರುವವರು ನೀರಿನ ಬಾಟಲಿಗೋ ಕೂಲ್‌ಡ್ರಿಂಕ್ಸ್ ಬಾಟಲಿಗೋ ತುಂಬಿ ಕೊಡುತ್ತಾರೆ. ನೋಡುವುದಕ್ಕೆ ನೀರಿನ ಹಾಗೇ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಏನಾಗಬಹುದು ಅಂತ ಯೋಚನೆ ಮಾಡಿದರೇ ಭಯವಾಗುತ್ತದೆ.

ಮುಂದಿನ ಪುರವಣಿಯಲ್ಲಿ ಆ ಸಾಲನ್ನು ದಯವಿಟ್ಟು ತಿದ್ದಿ. ಜೊತೆಗೆ ಇದನ್ನೂ ದಪ್ಪಕ್ಷರದಲ್ಲಿ ಹಾಕಿ: ಮಗು ಟರ್ಪೆಂಟೈನ್ ಕುಡಿದರೆ, ಯಾವ ಟರ್ಪೆಂಟೈನ್ ಆದರೂ ಸರಿ, ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನೂ ತಗೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ನಿಮ್ಮ ಓದುಗ,
ದಾವಣಗೆರೆ