ಮದ್ದುಸೊಪ್ಪನ್ನು ಬುಡಸಮೇತ ಕೀಳಬೇಡಿ

ಮಾನ್ಯರೇ,

ಕೊಡಗಿನಲ್ಲಿ ಮದ್ದುಸೊಪ್ಪೆಂಬ ಔಷಧಿ ಗಿಡದ ರಸದಿಂದ ಪಾಯಸ ಮಾಡಿ ಉಣ್ಣುವ ದಿನವಾದ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3 ಹತ್ತಿರ ಬಂತೆಂದರೆ ತೋಟದ ಬೇಲಿ ಬದಿಯ ಮದ್ದುಸೊಪ್ಪಿಗೆ ಉಳಿಗಾಲವಿಲ್ಲ. ಕೊಯ್ಯಲಿ, ಬೇಡ ಅನ್ನುವುದಿಲ್ಲ. ಬುಡಸಮೇತ ಕೀಳುವುದು ಯಾಕೆ? ಮೇಲಿನ ಕವಲನ್ನಷ್ಟೇ ಮುರಿದರೆ ಗಿಡ ಮತ್ತೆ ಚಿಗುರುತ್ತದೆ.

ಬೆಳೆಸುವುದೂ ಸುಲಭ. ಮಳೆ ಹಿಡಿದಾಗ ಗೇಣುದ್ದದ ಕಡ್ಡಿ ತೆಗೆದುಕೊಳ್ಳಿ. ಕೆಳಗಿನ ಎಲೆ ಚಿವುಟಿ, ಒಂದೆರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ನೆರಳು, ತೇವ ಇದ್ದರೆ ಸಾಕು. ನೀರು ಮಾತ್ರ ನಿಲ್ಲಬಾರದು. ನಮ್ಮ ಬಾವಿಕಟ್ಟೆ ಪಕ್ಕ ಹೀಗೇ ಪೊದೆಯಾಗಿದೆ. ಕುದಿಸಿದರೆ ಕಡು ನೇರಳೆ ರಸ, ಸೌಟಿಗೂ ಬಣ್ಣ ಹಿಡಿಯುತ್ತದೆ!

ಕಳೆನಾಶಕ ಹೊಡೆಯುವವರು ಬೇಲಿಸಾಲು ಬಿಟ್ಟು ಹೊಡೆಯಲಿ. ಅದೇ ಸೊಪ್ಪಿನ ಪಾಯಸವನ್ನು ಮಕ್ಕಳಿಗೆ ಬಡಿಸುವುದು ನಾವೇ ಅಲ್ವಾ?

– ಕಾಫಿ ಬೆಳೆಗಾರ್ತಿ, ನಾಪೋಕ್ಲು